ಮನೆಯಲ್ಲಿ ಯಾರೂ ಇಲ್ಲ

ಈ ಬೀದಿ ನದಿಗೆ ಜಾರಿ ಬೀಳುವ ಹಾಗಿದೆ.
ಇಳಿಯುವಾಗ ಅಂಚೆಚೀಲ ಮುಂದಕ್ಕೆ ದಬ್ಬುತ್ತದೆ,
ಹತ್ತುವಾಗ ಹಿಂದಕ್ಕೆ ಜಗ್ಗುತ್ತದೆ.
ಪೋರ್ತೊ ಪಟ್ಟಣದ ಈ ಒಂದು ಇಳಿಜಾರಿಗೆ
ಇಪ್ಪತ್ತಾರು ವರ್ಷ ತೆತ್ತಿದ್ದೇನೆ,
ಲೆಕ್ಕ ಬಲಮಂಡಿಯ ಬಳಿ ಇದೆ.

ಹದಿನೇಳನೇ ನಂಬರು, ನಾಲ್ಕನೇ ಮಹಡಿ. ಲಿಫ್ಟಿಲ್ಲ.
ಎಂಬತ್ತೆಂಟು ಮೆಟ್ಟಿಲು ಅಂತ ಕೇಳಿದ್ದೆ.
ಅಲ್ಲಿ ದಿಯೊಲಿಂದಾ ಕ್ವರೆಜ್ಮ,
ಬಾಡಿಗೆಗಿದ್ದು ನಲವತ್ತೊಂದು ವರ್ಷ.
ಡಬ್ಬಿ ಕಾರ್ಖಾನೆಯಲ್ಲಿ ಬೂತಾಯಿ ಮೀನಿನ ತಲೆ ತೆಗೆದು ತೆಗೆದು
ಆಕೆಯ ಹೆಬ್ಬೆರಳಲ್ಲಿ ಗೆರೆಯೇ ಉಳಿದಿಲ್ಲ.
ಬೆಲ್ ಒತ್ತಿದರೆ ತಾನೇ ಇಳಿದು ಬರುತ್ತಿದ್ದಳು,
ನನ್ನ ಮಂಡಿ ಕಂಡು.
ಬೆಲ್ ಕೆಟ್ಟಿದ್ದು ಈಸ್ಟರ್ ಹಬ್ಬದ ಹೊತ್ತಿಗೆ.

ನಮ್ಮ ಕಾನೂನು ಆಕೆಗೆ ಕೊಟ್ಟದ್ದು ಮಹಾ ಏನಲ್ಲ:
ಮಾರುವ ಮುನ್ನ ಮಾಲೀಕ ಮೊದಲು ಆಕೆಯನ್ನು ಕೇಳಬೇಕು.
ಇಂಥವರು ಬಂದಿದ್ದಾರೆ, ಇಷ್ಟು ಬೆಲೆ, ನಿಮಗೆ ಬೇಕೆ?
ಬೇಕು ಅಂದರೆ ಅದೇ ಬೆಲೆಗೆ ಆಕೆಯದು.
ಮೂವತ್ತು ದಿನ ಸುಮ್ಮನಿದ್ದರೆ
ಬೇಡ ಅಂತ ಅರ್ಥ.

ಮಾಲೀಕ ಅಬೀಲಿಯೊ ಕೇಳಿದ. ನಿಜ, ಕೇಳಿದ.
ಕೇಳಿದ್ದು ನನ್ನ ಚೀಲದಲ್ಲಿತ್ತು,
ನವೆಂಬರಿನ ಒಂದು ಗುರುವಾರ,
ಕೋಳಿಮಾಂಸದ ಜಾಹೀರಾತು, ಯಾರದೋ ಮದುವೆ ಕಾಗದ,
ಅವುಗಳ ನಡುವೆ ಒಂದು ರಿಜಿಸ್ಟರ್ಡ್ ಲಕೋಟೆ.
ಸತ್ತ ಬೆಲ್ಲನ್ನು ಒತ್ತಿದೆ.
ಮೆಟ್ಟಿಲ ಬಾವಿಯಲ್ಲಿ ಮೇಲಿನಿಂದ ಇಳಿಯುತ್ತಿತ್ತು
ಈರುಳ್ಳಿ ಹುರಿಯುವ ಘಮ.
ಪಟ್ಟಿಯಲ್ಲಿ ಬರೆದೆ: ಮನೆಯಲ್ಲಿ ಯಾರೂ ಇಲ್ಲ.

ಚೀಟಿಯನ್ನು ಬಾಗಿಲ ಸಂದಿಗೆ ತುರುಕಿದೆ.
ಗಾಳಿ ಒಯ್ದಿತೋ, ಗುಡಿಸುವವಳ ಪೊರಕೆ ಒಯ್ದಿತೋ.
ಲಕೋಟೆ ನಮ್ಮ ಕಪಾಟಿನಲ್ಲಿ ಆರು ದಿನ ಕೂತು
ಬಂದ ದಾರಿ ಹಿಡಿಯಿತು.

ಫೆಬ್ರವರಿಯಲ್ಲಿ ಇಬ್ಬರು ಹುಡುಗರು ಟೇಪು ತಂದು
ಆಕೆಯ ಅಡುಗೆಮನೆ ಅಳೆದರಂತೆ.
'ಇಲ್ಲಿ ಇನ್ನೊಂದು ಮಂಚ ಹಿಡಿಸುತ್ತೆ,' ಅಂದನಂತೆ ಒಬ್ಬ.
ಹೆಸರಿದ್ದೂ ಮುಖವಿಲ್ಲದ ಯಾವುದೋ ಕಂಪನಿ,
ಪ್ರವಾಸಿಗರಿಗೆ ರಾತ್ರಿಗಿಷ್ಟು ಅಂತ ಕೊಡಲಿಕ್ಕೆ.
ಹುಡುಗರಿಗೆ ಆಕೆ ನೀರು ಕೊಟ್ಟು ಕಳಿಸಿದಳು.
ಆಮೇಲೆ ವಕೀಲರ ಮನೆಗೆ ಹೋದಳು.

ದಾವೆ ಹೂಡಿದರೆ ಹದಿನೈದು ದಿನದೊಳಗೆ
ಪೂರ್ತಿ ಬೆಲೆ ಕೋರ್ಟಿಗೆ ಕಟ್ಟಬೇಕು.
ತೊಂಬತ್ತನಾಲ್ಕು ಸಾವಿರ ಯೂರೊ.
ಆಕೆ ಕಟ್ಟಿದಳು.
ಲಕ್ಸೆಂಬರ್ಗಿನಲ್ಲಿ ಟೈಲ್ಸ್ ಕೂರಿಸುವ ತಮ್ಮ ತನ್ನ ವ್ಯಾನು ಮಾರಿದ,
ಓಲೆ ಹೋಯಿತು,
ಕಾರ್ಖಾನೆ ಮುಚ್ಚಿದಾಗ ಸಿಕ್ಕ ಗಂಟು ಇಷ್ಟು ವರ್ಷ
ಯಾವುದಕ್ಕೆ ಕಾದಿತ್ತು ಅಂತ ಊರಿಗೆಲ್ಲ ಗೊತ್ತಾಯಿತು.
ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಸಾಕ್ಷಿಕಟ್ಟೆಗೆ ಕರೆದರು.
'ಅಂದು ಬೆಲ್ ಒತ್ತಿದಿರಾ?'
ಒತ್ತಿದೆ.
'ಉತ್ತರ ಬಂತೆ?'
ಇಲ್ಲ.
ಎರಡೂ ನಿಜ.
ಕಂಪನಿಯ ವಕೀಲ ನಕ್ಕು ಕೂತ.
ಆಕೆಯ ವಕೀಲ ಕಾಗದ ಮಗುಚುತ್ತಲೇ ಇದ್ದ,
ಕೇಳಬೇಕಾದ್ದೊಂದು ಕೇಳಲೇ ಇಲ್ಲ.
ಮುಂದಿನ ವಿಚಾರಣೆ ಹತ್ತೊಂಬತ್ತಕ್ಕೆ.

ಸಂಜೆ ಚೀಲವಿಲ್ಲದೆ ಹದಿನೇಳಕ್ಕೆ ಹೋದೆ.
ಹತ್ತಿದೆ. ಎಣಿಸಿದೆ.
ಎಂಬತ್ತೆಂಟಲ್ಲ, ಎಂಬತ್ತಮೂರು.
ಬಾಗಿಲು ತಟ್ಟುವ ಮೊದಲೇ ತೆರೆಯಿತು;
ಕೊನೇ ತಿರುವಿನಿಂದ ನನ್ನ ಏದುಸಿರು ಕೇಳಿಸಿತ್ತಂತೆ.
ಒಳಗೆ ಅದೇ ಈರುಳ್ಳಿ.

ಹೇಳಬೇಕೆಂದು ಬಂದದ್ದು ಗಂಟಲಲ್ಲಿ
ಹಿಂದಿರುಗಿಸಿದ ಲಕೋಟೆಯಂತೆ ನಿಂತಿತು.
ಆಕೆಯೇ ಮೊದಲು ಕೇಳಿದಳು:
'ನೀರು ಬೇಕಾ?'

ನಾನು ಸುಮ್ಮನಿದ್ದೆ.
ನಮ್ಮ ಕಾನೂನಿನಲ್ಲಿ ಅದಕ್ಕೊಂದು ಅರ್ಥವಿದೆ.
ಆಕೆ ಹೋಗಿ ನೀರು ತಂದಳು.